ಒಂಬತ್ತನೇ ಪ್ರಶ್ನೆ

ಆ ವರ್ಷ ನನ್ನ ಮಧ್ಯಾಹ್ನಗಳೆಲ್ಲ ಕಿರುಬೆರಳಿನಷ್ಟು ದೊಡ್ಡ ಒಂದು ವಸ್ತುವಿನ ಅಂಚು ಎಳೆಯುವುದರಲ್ಲೇ ಕಳೆದುಹೋದವು. ಮೆದುಳಿನ ಒಳಗೆ, ಹೆಚ್ಚುಕಡಿಮೆ ಕಿವಿಯ ನೇರಕ್ಕೆ, ಎಡಕ್ಕೊಂದು ಬಲಕ್ಕೊಂದು ಹಿಪೊಕ್ಯಾಂಪಸ್ ಇರುತ್ತದೆ. ನೆನಪಿಗೂ ಭಾವನೆಗೂ ಅದರ ನಂಟಿದೆ. ಮೂರ್ಛೆರೋಗ ಇರುವ ಎಷ್ಟೋ ಜನರಲ್ಲಿ ಅದು ಒಂದು ಕಡೆ ಕುಗ್ಗಿರುತ್ತದೆ. ಎಂಆರ್‌ಐ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆಳುವಾದ ಹೋಳುಗಳಾಗಿ ತೆರೆದು, ಒಂದೊಂದು ಹೋಳಿನಲ್ಲೂ ಅದರ ಸುತ್ತ ಮೌಸ್ ಹಿಡಿದು ಗೆರೆ ಎಳೆದು, ಎಲ್ಲ ಗೆರೆಗಳ ಒಳಗಿನ ಜಾಗ ಕೂಡಿಸಿದರೆ ಅದರ ಗಾತ್ರ ಸಿಗುತ್ತದೆ. ಈ ಕೆಲಸಕ್ಕೆ ಸಾಫ್ಟ್‌ವೇರ್ ಇಲ್ಲವೆಂದಲ್ಲ. ಆದರೆ ಕುಗ್ಗಿ ಸೊಟ್ಟಗಾದದ್ದು ಎದುರಾದ ಕೂಡಲೇ ಅದು ಪಕ್ಕದ ಭಾಗವನ್ನೂ ಸೇರಿಸಿಕೊಂಡುಬಿಡುತ್ತದೆ. ಹಾಗಾಗಿ ಕೈಯೇ ಗತಿ. ಒಬ್ಬರದ್ದು ಮುಗಿಯಲು ಎರಡು ಗಂಟೆ ಬೇಕು. ಮುಗಿಸಿ ತಲೆಯೆತ್ತಿದರೆ ಗೋಡೆಯ ಮೇಲೂ ಬೂದು ಗೆರೆಗಳು ಓಡಾಡುತ್ತಿದ್ದವು.

ನಾನು ಬಸವೇಶ್ವರನಗರದ ಒಂದು ನರರೋಗ ಕ್ಲಿನಿಕ್ಕಿನಲ್ಲಿ ಇಇಜಿ ಟೆಕ್ನಿಷಿಯನ್. ಅಂದರೆ ತಲೆಗೆ ವೈರುಗಳನ್ನು ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವವಳು. ಬಿಳಿ ಕೋಟು ಹಾಕಿದ ಹೆಂಗಸಾದ್ದರಿಂದ ಬಂದವರಿಗೆಲ್ಲ ‘ಸಿಸ್ಟರ್’. ನರ್ಸ್ ಅಲ್ಲ ಎಂದು ತಿದ್ದುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ.

ನಮ್ಮ ಡಾಕ್ಟರು ಕೈಗೆತ್ತಿಕೊಂಡಿದ್ದ ಪ್ರಶ್ನೆ ಕೇಳಲು ಸರಳ. ಫಿಟ್ಸ್ ಇರುವವರಲ್ಲಿ ಬಹಳ ಜನ ಖಿನ್ನತೆಯಿಂದಲೂ ನರಳುತ್ತಾರೆ. ಅದು ಕಾಯಿಲೆಯ ಕಷ್ಟದಿಂದ ಹುಟ್ಟಿದ ಬೇಸರ ಮಾತ್ರವೋ, ಅಥವಾ ಮೆದುಳಿನಲ್ಲಿ ಆಗಿರುವ ಬದಲಾವಣೆಗೂ ಅದಕ್ಕೂ ಸಂಬಂಧವಿದೆಯೋ? ಇದಕ್ಕೆ ಎರಡು ಅಳತೆ ಬೇಕು. ಒಂದು ಚಿತ್ರದ್ದು, ಇನ್ನೊಂದು ಮನಸ್ಸಿನದ್ದು. ಬೆಳಿಗ್ಗೆ ಇಇಜಿ ಮುಗಿದ ಮೇಲೆ ನಾನೇ ಒಂಬತ್ತು ಪ್ರಶ್ನೆಗಳ ಒಂದು ಫಾರಂ ಓದಿ ಹೇಳಿ ಉತ್ತರ ಬರೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಗೆರೆ ಎಳೆಯುವುದು. ಫಾರಂನ ನಂಬರೇ ಬೇರೆ, ಚಿತ್ರದ ನಂಬರೇ ಬೇರೆ. ಎರಡನ್ನೂ ಹೊಂದಿಸುವ ಪಟ್ಟಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಮೇಡಂ ಹತ್ತಿರ ಬೀಗ ಹಾಕಿಕೊಂಡು ಕೂತಿತ್ತು. ಯಾರ ಮೆದುಳಿಗೆ ಗೆರೆ ಎಳೆಯುತ್ತಿದ್ದೇನೆಂದು ನನಗೆ ಗೊತ್ತಾಗಬಾರದು. ಗೊತ್ತಾದರೆ ಕೈ ತಾನಾಗಿಯೇ ಒಂದು ಕಡೆ ವಾಲುತ್ತದೆ.

ಆ ಫಾರಂ ಕೇಳುವುದು ಹಿಂದಿನ ಎರಡು ವಾರದ ಮಾತು. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಬಾರದಿರುವುದು, ಸುಸ್ತು, ಊಟ ಸೇರದಿರುವುದು, ನನ್ನಿಂದ ಮನೆಯವರಿಗೆಲ್ಲ ತೊಂದರೆ ಅನ್ನಿಸುವುದು, ಹೀಗೆ. ಒಂದು ದಿನವೂ ಇಲ್ಲದಿದ್ದರೆ ಸೊನ್ನೆ, ಕೆಲವು ದಿನ ಇದ್ದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನವಾದರೆ ಎರಡು, ದಿನವೂ ಇದ್ದರೆ ಮೂರು. ಕೊನೆಯದು ಒಂಬತ್ತನೆಯದು. ಸತ್ತರೆ ಒಳ್ಳೆಯದಿತ್ತು ಎಂದು ಅನ್ನಿಸಿದೆಯೇ? ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಅದೇ ದಿನ, ಅದೇ ಗಂಟೆಯಲ್ಲಿ ಡಾಕ್ಟರಿಗೆ ತಿಳಿಸಬೇಕು. ನಿಯಮದ ಹಾಳೆಯಲ್ಲಿ ಇದರ ಕೆಳಗೆ ಗೆರೆ ಎಳೆದಿತ್ತು. ಅದೇ ಹಾಳೆಯಲ್ಲಿ, ರೋಗಿ ಒಬ್ಬರೇ ಇರುವಾಗ ಪ್ರಶ್ನೆ ಕೇಳಬೇಕು ಎಂದೂ ಬರೆದಿತ್ತು.

ಬರೆದವರಿಗೇನು, ಬರೆದುಬಿಟ್ಟರು. ನಮ್ಮ ಕಡೆ ಫಿಟ್ಸ್ ಇರುವವರನ್ನು ಒಬ್ಬರೇ ಬಿಡುವುದಿಲ್ಲ. ಬಚ್ಚಲುಮನೆಯ ಚಿಲಕ ಕಿತ್ತಿರುತ್ತಾರೆ. ತಾರಸಿಗೆ ಹತ್ತಬಾರದು, ಒಲೆಯ ಹತ್ತಿರ ನಿಲ್ಲಬಾರದು, ರಸ್ತೆ ದಾಟಬೇಕಾದರೆ ಕೈ ಹಿಡಿದುಕೊಳ್ಳಬೇಕು. ಅಂಥವರನ್ನು ಗೊತ್ತಿಲ್ಲದ ಒಂದು ಕೋಣೆಯಲ್ಲಿ ಬಿಟ್ಟು ಹೊರಗೆ ಕೂತಿರಿ ಎಂದರೆ ಯಾವ ತಾಯಿ ಕೇಳುತ್ತಾಳೆ? ಆದರೂ ಮೊದಮೊದಲು ನಿಯಮದಂತೆಯೇ ನಡೆದೆ. ನಾಲ್ಕನೇ ದಿನ ಒಬ್ಬ ಹುಡುಗಿಗೆ ಐದನೇ ಪ್ರಶ್ನೆಯ ಹೊತ್ತಿಗೆ ಫಿಟ್ಸ್ ಬಂತು. ಕುರ್ಚಿಯಿಂದ ಬಿದ್ದು ಹಣೆ ಮೇಜಿನ ಕಾಲಿಗೆ ಬಡಿಯಿತು. ಮೂರು ಹೊಲಿಗೆ ಬಿದ್ದವು. ಅವಳ ತಾಯಿ ನನ್ನನ್ನು ಬೈದ ಬೈಗುಳ ಇಡೀ ಕಾರಿಡಾರಿಗೆ ಕೇಳಿಸಿತು. ಮಾರನೆಯ ದಿನದಿಂದ ನಾನು ಜೊತೆಯವರಿಗೂ ಒಂದು ಕುರ್ಚಿ ಹಾಕಿದೆ. ಡಾಕ್ಟರಿಗೆ ಹೇಳಲಿಲ್ಲ. ಇಷ್ಟಕ್ಕೆಲ್ಲ ಏನು ಹೇಳುವುದು ಅನ್ನಿಸಿತು.

ಜೊತೆಯವರು ಪಕ್ಕದಲ್ಲಿ ಕೂತ ಮೇಲೆ ಉತ್ತರವೂ ಅವರದೇ. ‘ನಿದ್ದೆ ಚೆನ್ನಾಗಿ ಬರುತ್ತೆ ಸಿಸ್ಟರ್, ನಾನೇ ನೋಡ್ತೀನಲ್ಲ.’ ‘ಊಟ ಎಲ್ಲ ಪರವಾಗಿಲ್ಲ.’ ರೋಗಿ ತಲೆಯಾಡಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಒಂಬತ್ತನೇ ಪ್ರಶ್ನೆ ಬಂದಾಗ ನನ್ನ ನಾಲಿಗೆಯೇ ಹೊರಳುತ್ತಿರಲಿಲ್ಲ. ತಲೆತುಂಬ ಹೂ ಮುಡಿದುಕೊಂಡು, ದೇವಸ್ಥಾನಕ್ಕೆ ಹೋಗಿ ಕುಂಕುಮ ಇಟ್ಟುಕೊಂಡು ಬಂದ ತಾಯಿಯ ಎದುರು, ಅದೂ ಶುಕ್ರವಾರ, ನಿನಗೆ ಸಾಯಬೇಕು ಅನ್ನಿಸುತ್ತಾ ಎಂದು ಮಗಳನ್ನು ಕೇಳುವುದು ಹೇಗೆ? ಬಾಯಲ್ಲಿ ಅಂಥ ಮಾತು ಆಡಬಾರದು ಎಂದು ಬೆಳೆದವಳು ನಾನು. ಮೊದಲ ಸಲ ಬಿಟ್ಟಾಗ ಎದೆ ಹೊಡೆದುಕೊಂಡಿತು. ಎರಡನೇ ಸಲ ಅಷ್ಟಾಗಲಿಲ್ಲ. ಆಮೇಲೆ ಅಭ್ಯಾಸವಾಯಿತು. ಎಂಟು ಕೇಳಿ, ಒಂಬತ್ತರ ಎದುರು ಸೊನ್ನೆ ಬರೆದು ಹಾಳೆ ಮಗುಚುತ್ತಿದ್ದೆ. ಒಬ್ಬರೇ ಬಸ್ಸು ಹತ್ತಿ ಬರುತ್ತಿದ್ದ ಕೆಲವೇ ಜನರನ್ನು ಮಾತ್ರ ಪೂರ್ತಿ ಕೇಳುತ್ತಿದ್ದೆ.

ಮೂವತ್ತೊಂದನೇ ನಂಬರಿನವರು ಬಂದದ್ದು ಆ ಅಭ್ಯಾಸ ಗಟ್ಟಿಯಾದ ಮೇಲೆ. ಊರಂಚಿನ ಉಲ್ಲಾಳದವರು, ನಲವತ್ತರ ಆಸುಪಾಸು. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಲೇತ್ ಮೇಲೆ ಕೆಲಸ ಮಾಡುತ್ತಿದ್ದವರು. ಮೆಷಿನ್ ಎದುರೇ ಒಮ್ಮೆ ಫಿಟ್ಸ್ ಬಂದ ಮೇಲೆ ಮಾಲೀಕರು ಪ್ಯಾಕಿಂಗಿಗೆ ಹಾಕಿದರು, ಆಮೇಲೆ ಅಲ್ಲಿಗೂ ಬರಬೇಡಿ ಎಂದರು. ಅವರ ಹೆಂಡತಿ ಗಟ್ಟಿಗಿತ್ತಿ. ಎರಡು ಬಸ್ಸು ಬದಲಾಯಿಸಿ ಬಂದಿದ್ದರೂ ಬೆವರಿರಲಿಲ್ಲ. ಬ್ಯಾಗಿನಲ್ಲಿ ಮಾತ್ರೆ ಡಬ್ಬಿ, ನೀರು, ಒಂದು ಟವೆಲ್ಲು, ಚಿತ್ರಾನ್ನದ ಬಾಕ್ಸು ಇದ್ದವು. ತಲೆಗೆ ಎಣ್ಣೆ ಹಾಕದೆ ಬನ್ನಿ ಎಂದು ಫೋನಿನಲ್ಲಿ ಹೇಳಿದ್ದನ್ನು ಪಾಲಿಸಿದ ಕೆಲವೇ ಜನರಲ್ಲಿ ಅವರೂ ಒಬ್ಬರು. ಸೀಗೆಪುಡಿ ಹಾಕಿ ಗಂಡನ ತಲೆ ತಿಕ್ಕಿ ತೊಳೆದಿದ್ದರು.

ನಾನು ಪ್ರಶ್ನೆ ಓದಿದೆ. ಆಕೆ ಉತ್ತರಿಸಿದರು.

‘ಇವ್ರು ಮೊದ್ಲಿಂದ್ಲೂ ಮಾತು ಕಮ್ಮಿ ಸಿಸ್ಟರ್. ಬೇಜಾರು ಗೀಜಾರು ಏನಿಲ್ಲ. ಟೀವಿ ನೋಡ್ತಾರೆ, ಮಲಗ್ತಾರೆ. ಅಲ್ವೇನ್ರೀ?’

‘ಹೂಂ’ ಎಂದರು ಅವರು. ಎರಡು ಕೈಗಳನ್ನೂ ಮಂಡಿಯ ಮೇಲೆ ಇಟ್ಟುಕೊಂಡು ನನ್ನ ಪೆನ್ನನ್ನೇ ನೋಡುತ್ತಿದ್ದರು. ಬೆರಳ ತುದಿಯಲ್ಲಿ ಲೋಹದ ಚೂರು ಚುಚ್ಚಿದ ಹಳೆಯ ಗುರುತುಗಳಿದ್ದವು. ಎಂಟು ಮುಗಿಯಿತು. ಒಂಬತ್ತಕ್ಕೆ ಸೊನ್ನೆ ಹಾಕಿದೆ. ಒಟ್ಟು ಅಂಕ ಮೂರು. ಖಿನ್ನತೆ ಇಲ್ಲ ಎಂಬ ಚೌಕಕ್ಕೆ ಗುರುತು ಮಾಡಿ ಇನ್ನೊಬ್ಬರನ್ನು ಕರೆದೆ.

ಅಧ್ಯಯನ ಅರ್ಧ ಮುಗಿದಾಗ ಅಂಕಿಅಂಶದ ಮೇಡಂ ಮೊದಲ ಲೆಕ್ಕ ಹಾಕಿದರು. ಎರಡು ಅಳತೆಗಳ ನಡುವೆ ಸಂಬಂಧವೇ ಇಲ್ಲ. ಕುಗ್ಗಿದವರಲ್ಲೂ ಖಿನ್ನತೆ ಕಡಿಮೆ, ಕುಗ್ಗದವರಲ್ಲೂ ಕಡಿಮೆ. ಡಾಕ್ಟರು ಮುಖ ಸಪ್ಪಗೆ ಮಾಡಿಕೊಂಡು, ಮೊದಲು ನನ್ನ ಗೆರೆಗಳನ್ನು ಅನುಮಾನಿಸಿದರು. ಹತ್ತು ಚಿತ್ರಗಳನ್ನು ಮತ್ತೆ ಮೊದಲಿಂದ ಎಳೆಯಲು ಹೇಳಿದರು. ರಾಜಾಜಿನಗರದ ಸ್ಕ್ಯಾನ್ ಸೆಂಟರಿನ ರೇಡಿಯಾಲಜಿಸ್ಟ್ ಒಬ್ಬರು ಅದೇ ಹತ್ತನ್ನು ಬೇರೆಯಾಗಿ ಎಳೆದರು. ಮೂರು ವಾರ ಹಿಡಿಯಿತು. ಕಣ್ಣು ಉರಿ, ಹೆಗಲು ನೋವು, ಸಂಜೆ ನಾಗರಬಾವಿಗೆ ಹೋಗುವ ಬಸ್ಸಿನಲ್ಲಿ ನಿಂತೇ ತೂಕಡಿಕೆ. ಕೊನೆಗೆ ನೋಡಿದರೆ ಗೆರೆಗಳು ಸರಿಯಾಗೇ ಇದ್ದವು. ಹಿಪೊಕ್ಯಾಂಪಸ್ಸಿನ ಮುಂಭಾಗದಲ್ಲಿ, ಅದು ಎಲ್ಲಿ ಶುರುವಾಗುತ್ತದೆಂದು ಹೇಳುವುದೇ ಕಷ್ಟವಾದ ಕಡೆ, ಒಂದೆರಡು ಹೋಳು ಹೆಚ್ಚುಕಡಿಮೆ ಅಷ್ಟೇ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಗೆರೆ ಸರಿ ಇದ್ದ ಮೇಲೆ ತಪ್ಪು ಇನ್ನೆಲ್ಲಿದೆ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಅಂಕಿಅಂಶದ ಮೇಡಂ ಫೋನ್ ಮಾಡಿದರು. ‘ಒಂದು ವಿಚಿತ್ರ ನೋಡಿ. ಒಬ್ರೇ ಬಂದೋರಲ್ಲಿ ಮಾತ್ರ ಅಂಕಗಳು ಜಾಸ್ತಿ ಇವೆ. ಜೊತೆಗೆ ಯಾರಾದ್ರೂ ಬಂದೋರಲ್ಲಿ ಒಂಬತ್ತನೇ ಕಲಂ ಪೂರ್ತಿ ಸೊನ್ನೆ. ಒಂದೂ ತಪ್ಪಿಲ್ಲ. ಹೀಗಿರೋಕೆ ಸಾಧ್ಯಾನಾ?’

‘ಮನೆಯವ್ರು ಚೆನ್ನಾಗಿ ನೋಡ್ಕೊಳ್ತಾರೇನೋ ಮೇಡಂ’ ಎಂದೆ. ಫೋನ್ ಇಟ್ಟ ಮೇಲೆ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಫಾರಂನಲ್ಲಿ ‘ಜೊತೆಗೆ ಬಂದವರು’ ಎಂದು ಒಂದು ಕಲಂ ಇತ್ತು. ಯಾಕಿಟ್ಟಿದ್ದರೋ, ಬಹುಶಃ ಬಸ್ ಚಾರ್ಜು ಕೊಡಲು. ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಕಟ್ಟು ಬಿಚ್ಚಿ ಕೂತೆ. ತಾಯಿ, ಸೊನ್ನೆ. ಗಂಡ, ಸೊನ್ನೆ. ಅಣ್ಣ, ಸೊನ್ನೆ. ಹೆಂಡತಿ, ಸೊನ್ನೆ. ಎಲ್ಲ ನನ್ನದೇ ಗುಂಡು ಅಕ್ಷರ. ಮೊದಲ ನಾಲ್ಕು ದಿನದ್ದು ಬಿಟ್ಟರೆ ಯಾವ ಸೊನ್ನೆಯನ್ನೂ ಯಾರೂ ಹೇಳಿರಲಿಲ್ಲ. ಒಂಬತ್ತಕ್ಕೆ ಸೊನ್ನೆ ಬಿದ್ದ ಮೇಲೆ ಡಾಕ್ಟರು ಆ ಫಾರಂ ತಿರುಗಿಯೂ ನೋಡುವುದಿಲ್ಲ, ನಿಯಮವೇ ಹಾಗೆ. ಇಷ್ಟು ಜನರಲ್ಲಿ ಒಬ್ಬರಿಗಾದರೂ ಆ ಯೋಚನೆ ಇದ್ದಿದ್ದರೆ, ಅವರಿಗೆ ಸಹಾಯ ಸಿಗಬಹುದಾಗಿದ್ದ ಒಂದೇ ಬಾಗಿಲನ್ನು ನಾನೇ ಮುಚ್ಚಿ ಮನೆಗೆ ಕಳಿಸಿದ್ದೆ. ಅವರಲ್ಲಿ ಎಲ್ಲರೂ ಇನ್ನೂ ಇದ್ದಾರಾ ಎಂಬ ಯೋಚನೆ ಬಂದದ್ದೇ ಕಟ್ಟನ್ನು ಮತ್ತೆ ಬಿಗಿಯಾಗಿ ಕಟ್ಟಿಟ್ಟೆ. ಭಾನುವಾರ ಪೂರ್ತಿ ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದೆ.

ಸೋಮವಾರ ಬೆಳಿಗ್ಗೆ ರೋಗಿಗಳು ಬರುವ ಮೊದಲೇ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಎಷ್ಟು ಜನಕ್ಕೆ?’

‘ಜೊತೆಗೆ ಯಾರಾದ್ರೂ ಬಂದಿದ್ರಲ್ಲ, ಅವರಿಗೆಲ್ಲ ಸಾರ್.’

‘ಎಲ್ಲ ಫಾರಂಗೂ ನಾನು ಸೈನ್ ಹಾಕಿದೀನಿ.’ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ‘ಇಷ್ಟು ವರ್ಷ ಇಲ್ಲಿದೀರಿ. ನಿಮಗೆ ಹೇಳ್ಕೊಡ್ಬೇಕಾ?’

ಆಮೇಲೆ ಅವರು ಅಂಕಿಅಂಶದ ಮೇಡಂಗೆ ಫೋನ್ ಮಾಡಿದರು. ಆಕೆ ಒಂದು ದಾರಿ ಹೇಳಿದರು. ಒಂಬತ್ತನೇ ಪ್ರಶ್ನೆಯನ್ನೇ ಕೈಬಿಟ್ಟು ಎಂಟರ ಮೊತ್ತ ತೆಗೆದುಕೊಳ್ಳಬಹುದು, ಹಾಗೆ ಮಾಡುವ ಪದ್ಧತಿ ಇದೆ, ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿದ್ದ ಎಥಿಕ್ಸ್ ಕಮಿಟಿಗೆ ಒಂದು ಪತ್ರ ಬರೆದರೆ ಸಾಕು. ಡಾಕ್ಟರ ಮುಖದಲ್ಲಿ ತುಸು ಗೆಲುವು ಕಂಡಿತು. ನನಗೂ ಆ ಕ್ಷಣಕ್ಕೆ ನೆಮ್ಮದಿಯಾಯಿತು, ಸುಳ್ಳು ಯಾಕೆ ಹೇಳಲಿ. ಎಲ್ಲರನ್ನೂ ಮತ್ತೆ ಕರೆಯುವುದು ನೆನೆಸಿಕೊಂಡರೇ ಸಾಕಾಗುತ್ತಿತ್ತು.

ಆದರೂ ಬಾಯಿಬಿಟ್ಟೆ. ‘ಪೇಪರ್ ಉಳಿಯುತ್ತೆ ಸಾರ್. ಆ ಸೊನ್ನೆಗಳಲ್ಲಿ ಯಾರಾದ್ರೂ ಒಬ್ರು ನಿಜವಾಗ್ಲೂ ಇದ್ರೆ?’

ಅವರು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. ‘ಕರೀರಿ’ ಎಂದರು. ‘ಎಲ್ಲರನ್ನೂ. ಈ ವಾರದಿಂದ್ಲೇ. ಕಮಿಟಿಗೆ ನಾನು ಬರೀತೀನಿ, ಆಗಿದ್ದು ಆಗಿದೆ ಅಂತ ಇದ್ದಿದ್ದು ಇದ್ದಹಾಗೆ. ಈ ಸಲ ಒಬ್ಬರೇ ಇರ್ಬೇಕು. ಹೇಗೆ ಅಂತ ನೀವೇ ಯೋಚನೆ ಮಾಡಿ.’

ಎರಡು ದಿನ ಯೋಚಿಸಿದರೂ ಹೊಳೆಯಲಿಲ್ಲ. ಆಮೇಲೆ ದಿನವೂ ಕಣ್ಣೆದುರೇ ಇರುವುದು ಕಣ್ಣಿಗೆ ಬಿತ್ತು. ಇಇಜಿ ಕೋಣೆಗೂ ನಾನು ಕೂತು ಅಲೆಗಳನ್ನು ನೋಡುವ ಜಾಗಕ್ಕೂ ನಡುವೆ ದೊಡ್ಡ ಗಾಜು ಇದೆ. ಈ ಕಡೆಯಿಂದ ಆ ಕಡೆ ಎಲ್ಲವೂ ಕಾಣುತ್ತದೆ, ಬಾಗಿಲು ಹಾಕಿದರೆ ಒಂದು ಮಾತೂ ಕೇಳುವುದಿಲ್ಲ. ಜೊತೆಯವರನ್ನು ನನ್ನ ಕುರ್ಚಿಯಲ್ಲಿ ಕೂರಿಸುವುದು, ನಾನು ರೋಗಿಯ ಹತ್ತಿರ ಕೂರುವುದು. ಕುರ್ಚಿಯ ಬದಲು ನೆಲದ ಮೇಲೆ ದಪ್ಪ ಚಾಪೆ ಹಾಸಿ, ಗೋಡೆಗೆ ದಿಂಬು ಒರಗಿಸಿದೆ. ಬಿದ್ದರೂ ಪೆಟ್ಟಾಗಬಾರದು. ‘ನಿಮ್ಮ ಕಣ್ಣೆದುರೇ ಇರ್ತಾರೆ, ಏನಾದ್ರೂ ಅನ್ನಿಸಿದ್ರೆ ಬಾಗಿಲು ತಳ್ಕೊಂಡು ಬಂದ್ಬಿಡಿ’ ಎಂದು ಹೇಳಿದಾಗ ಹೆಚ್ಚಿನವರು ಒಪ್ಪಿದರು. ನೋಡಲು ಬಿಟ್ಟರೆ ಸಾಕಿತ್ತು ಅವರಿಗೆ.

ಫೋನ್ ಮಾಡಿ ಕರೆಯುವುದೇ ಒಂದು ಪ್ರಾಣಸಂಕಟ. ಮತ್ತೆ ಯಾಕೆ, ರಿಪೋರ್ಟು ಕೆಟ್ಟದಾಗಿ ಬಂತಾ, ರಜೆ ಸಿಗಲ್ಲ, ನೀವು ಆಟ ಆಡ್ತಿದೀರಾ? ನಮ್ಮ ಕಡೆಯಿಂದ ತಪ್ಪಾಗಿದೆ, ಪ್ರಶ್ನೆಗಳನ್ನು ಸರಿಯಾಗಿ ಕೇಳಿಲ್ಲ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಹಾಗೆ ಹೇಳಿ ಹೇಳಿ ಆ ವಾಕ್ಯದ ಉಪ್ಪುಖಾರವೆಲ್ಲ ಹೋಯಿತು. ಎಲ್ಲರೂ ಫೋನೆತ್ತಿದರು, ಎಲ್ಲರೂ ಇದ್ದರು. ಕೊನೆಯ ನಂಬರಿಗೆ ಉತ್ತರ ಬಂದಾಗ ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಕೂತುಬಿಟ್ಟೆ.

ಮೂವತ್ತೊಂದನೇ ನಂಬರಿನವರು ಬಂದದ್ದು ಎರಡನೇ ವಾರ. ಅದೇ ಬ್ಯಾಗು, ಅದೇ ಹೆಂಡತಿ. ಗಾಜಿನ ಈಚೆ ಕೂರಬೇಕು ಎಂದಾಗ ಆಕೆ ಮುಖ ಗಂಟು ಹಾಕಿದರು.

‘ಹೋದ್ಸಲ ಎಲ್ಲ ಹೇಳಿದ್ನಲ್ಲ ಸಿಸ್ಟರ್. ಇವ್ರಿಗೆ ನೆಟ್ಟಗೆ ಹೇಳೋಕೂ ಬರಲ್ಲ.’

‘ಬಂದಷ್ಟು ಹೇಳ್ಲಿ ಬಿಡಿ, ತಡವಾದ್ರೆ ಆಗ್ಲಿ’ ಎಂದು ಬಾಗಿಲು ಹಾಕಿಕೊಂಡೆ.

ಅವರು ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ನಾನೂ ಎದುರು ಕೂತೆ. ಮಂಡಿ ನೋವು, ಕೂರುವಾಗ ಅಮ್ಮಾ ಎಂದೆ. ಅವರ ತುಟಿ ಸ್ವಲ್ಪ ಅಲುಗಿತು. ಮೊದಲ ಪ್ರಶ್ನೆ ಓದಿದೆ. ಅಭ್ಯಾಸದಂತೆ ಅವರು ಗಾಜಿನ ಕಡೆ ತಿರುಗಿದರು. ಹೆಂಡತಿಯ ತುಟಿಗಳೂ ಆ ಕಡೆ ಆಡುತ್ತಿದ್ದವು, ಮಾತು ಕೇಳುತ್ತಿರಲಿಲ್ಲ. ಅವರು ನಿಧಾನವಾಗಿ ನನ್ನ ಕಡೆ ತಿರುಗಿಕೊಂಡು, ‘ದಿನಾ’ ಎಂದರು. ಎರಡನೆಯದಕ್ಕೂ ‘ದಿನಾ’. ನಿದ್ದೆಯ ಬಗ್ಗೆ ಕೇಳಿದಾಗ, ‘ಮಲಗಿರ್ತೀನಿ. ಅವಳು ನೋಡಿ ಸಮಾಧಾನ ಮಾಡ್ಕೊಳ್ಳಲಿ ಅಂತ ಕಣ್ಣು ಮುಚ್ಚಿರ್ತೀನಿ’ ಎಂದರು. ಎಂಟು ಮುಗಿಯುವ ಹೊತ್ತಿಗೆ ಹಿಂದಿನ ಮೂರು ಅಂಕ ಎಲ್ಲಿಗೋ ಹೋಗಿತ್ತು.

ಒಂಬತ್ತಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ. ‘ಇದನ್ನ ಕೇಳೋಕೆ ನನಗೆ ಕಷ್ಟ ಆಗುತ್ತೆ. ಆದ್ರೂ ಕೇಳ್ಬೇಕು. ಸತ್ತೋದ್ರೆ ಒಳ್ಳೇದಿತ್ತು ಅಂತ ಯಾವತ್ತಾದ್ರೂ ಅನ್ಸಿದ್ಯಾ?’

ಅವರು ನಾನು ಕೆಳಗಿಟ್ಟ ಪೆನ್ನಿನ ಕಡೆ ನೋಡಿದರು. ‘ಹೋದ್ಸಲ ಇದನ್ನ ನೀವು ಕೇಳ್ಲೇ ಇಲ್ಲ’ ಎಂದರು. ‘ಪೆನ್ನು ಓಡ್ತು. ನಾನು ನೋಡ್ತಾನೇ ಇದ್ದೆ. ಅಳತೆ ತಗೊಳ್ದೇ ರಿಪೋರ್ಟ್ ಬರೆಯೋರನ್ನ ವರ್ಕ್‌ಶಾಪಲ್ಲೂ ನೋಡಿದೀನಿ ಸಿಸ್ಟರ್.’

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ‘ತಪ್ಪಾಯ್ತು’ ಎಂದೆ. ‘ಅವತ್ತೂ ಇತ್ತಾ?’

‘ಅವತ್ತೂ ಇತ್ತು. ಕೇಳಿದ್ರೆ ಹೇಳ್ಬೇಕು ಅಂತ್ಲೇ ಬಂದಿದ್ದೆ. ನೀವು ಹಾಳೆ ಮಗುಚಿದ್ರಿ. ಸರಿ, ಇವ್ರಿಗೂ ಬೇಡ ಅಂದ್ಕೊಂಡು ಹೊರಟೆ.’ ಗಾಜಿನ ಕಡೆ ಒಮ್ಮೆ ನೋಡಿ, ‘ಬೆಳಿಗ್ಗೆ ಕಣ್ಣು ಬಿಡದೇ ಇದ್ರೆ ಸಾಕು ಅಂತಾನೇ ಮಲಗ್ತೀನಿ. ಈಗೀಗ ಅಷ್ಟಕ್ಕೇ ನಿಲ್ತಿಲ್ಲ. ನಾನಿಲ್ದೇ ಇದ್ರೆ ಅವಳು ಒಂದು ಕೆಲ್ಸಕ್ಕಾದ್ರೂ ಹೋಗ್ಬಹುದು. ಈಗ ನನ್ನ ಕಾಯೋದೇ ಅವಳ ಕೆಲ್ಸ’ ಎಂದರು.

ಹೇಳುತ್ತಾ ಹೇಳುತ್ತಾ ಅವರ ಹೆಗಲು ಅಲುಗಲು ಶುರುವಾಯಿತು. ಮುಖ ಮಂಡಿಯೊಳಗೆ ಹುದುಗಿ, ಇಡೀ ಮೈ ನಡುಗಿತು. ದಡಾರನೆ ಬಾಗಿಲು ತೆರೆಯಿತು. ಹೆಂಡತಿ ಕೈಯಲ್ಲಿ ಟವೆಲ್ಲು ಹಿಡಿದು ಓಡಿ ಬಂದರು. ಗಾಜಿನ ಆಚೆಯಿಂದ ಆಕೆಗೆ ಅದು ಫಿಟ್ಸ್ ಬಂದ ಹಾಗೇ ಕಂಡಿತ್ತು. ಗಂಡನ ತಲೆ ಹಿಡಿದು ಒಂದು ಮಗ್ಗುಲಿಗೆ ಮಲಗಿಸಲು ನೋಡಿದರು.

‘ಫಿಟ್ಸ್ ಅಲ್ಲಮ್ಮ’ ಎಂದೆ. ‘ಅಳ್ತಾ ಇದಾರೆ.’

ಆಕೆಯ ಕೈ ಅಲ್ಲೇ ನಿಂತಿತು. ಅವರು ಗಂಡ ಅಳುವುದನ್ನು ಎಂದೂ ನೋಡಿರಲಿಲ್ಲ ಎನ್ನಿಸುತ್ತದೆ.

ಆಕೆಯನ್ನು ಮತ್ತೆ ಗಾಜಿನ ಆಚೆ ಕೂರಿಸಿ ಬಂದು, ಡಾಕ್ಟರಿಗೆ ಹೇಳಬೇಕು, ಹೇಳದಿರಲು ನನಗೆ ಹಕ್ಕಿಲ್ಲ ಎಂದು ಅವರಿಗೆ ಅಲ್ಲೇ ತಿಳಿಸಿದೆ. ಡಾಕ್ಟರು ಹೊರಗಿದ್ದ ರೋಗಿಗಳನ್ನೆಲ್ಲ ಕಾಯಿಸಿ ಬಂದು ಚಾಪೆಯ ಮೇಲೆ ಕೂತು ಅವರೊಬ್ಬರ ಜೊತೆ ಅರ್ಧ ಗಂಟೆ ಮಾತಾಡಿದರು. ಹೆಂಡತಿಗೆ ತಿಳಿಯಲೇಬೇಕು, ಈಗ ಕೆಲವು ದಿನ ಮನೆಯಲ್ಲಿ ಎಚ್ಚರವಾಗಿರಬೇಕು ಎಂದರು. ‘ನನ್ನಿಂದ ಆಗಲ್ಲ ಸಾರ್. ನೀವೇ ಹೇಳಿ’ ಎಂದರಂತೆ ಅವರು.

ಡಾಕ್ಟರು ಹೇಳುವಾಗ ನಾನೂ ಆಕೆಯ ಪಕ್ಕದಲ್ಲಿದ್ದೆ. ಆಕೆ ಕಿರುಚಾಡುತ್ತಾರೆ, ಸುಳ್ಳು ಎನ್ನುತ್ತಾರೆ ಎಂದುಕೊಂಡಿದ್ದೆ. ಆಕೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು.

‘ನನಗೆ ಗೊತ್ತಿತ್ತು ಸಾರ್’ ಎಂದರು. ‘ಜೊತೇಲೇ ಮಲಗೋಳಿಗೆ ಗೊತ್ತಾಗಲ್ವಾ? ಅದಕ್ಕೇ ಹೋದ್ಸಲ ಪಕ್ಕದಲ್ಲಿ ಕೂತು ಎಲ್ಲಾದಕ್ಕೂ ನಾನೇ ಹೇಳ್ದೆ. ಸಿಸ್ಟರ್ ಕೇಳ್ಬಿಟ್ರೆ, ಇವ್ರು ಹೂಂ ಅಂದ್ಬಿಟ್ರೆ, ಆಮೇಲೆ ನಾನು ಏನ್ ಮಾಡ್ಲಿ ಅಂತ. ಸಿಸ್ಟರ್ ಕೇಳ್ಲಿಲ್ಲ. ಸದ್ಯ, ಬದುಕಿದೆ ಅಂದ್ಕೊಂಡೆ.’

ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಇಷ್ಟು ದಿನ, ಈ ಜೊತೆಗೆ ಬರುವವರು ಬಾಯಿಗೆ ಬಂದದ್ದು ಹೇಳಿ ನನ್ನ ಕೆಲಸ ಕೆಡಿಸುತ್ತಾರೆ ಎಂದು ಒಳಗೊಳಗೇ ಗೊಣಗುತ್ತಿದ್ದೆ. ಆ ದಿನ ಆ ಕೋಣೆಯಲ್ಲಿ ಮೂರು ಜನ ಇದ್ದೆವು. ಮೂವರೂ ಅದೇ ಒಂದು ಮಾತಿಗೆ ಹೆದರಿ ಕೂತಿದ್ದೆವು. ಅವರಿಬ್ಬರು ಹೆದರಿದ್ದರಲ್ಲಿ ಅರ್ಥವಿತ್ತು. ಕೇಳುವುದೇ ನನ್ನ ಕೆಲಸವಾಗಿತ್ತು.

ಡಾಕ್ಟರು ವಿಜಯನಗರದ ಮನೋವೈದ್ಯರಿಗೆ ತಾವೇ ಫೋನ್ ಮಾಡಿ ಆ ಮಧ್ಯಾಹ್ನಕ್ಕೇ ಸಮಯ ತೆಗೆದುಕೊಂಡರು. ನಾನು ಆಟೊದಲ್ಲಿ ಗಂಡಹೆಂಡತಿಯ ಜೊತೆ ಹೋದೆ. ಫಿಟ್ಸಿಗೆ ಕೊಡುವ ಮಾತ್ರೆಗಳಲ್ಲೇ ಕೆಲವು ಕೆಲವರ ಮನಸ್ಸನ್ನು ಇನ್ನಷ್ಟು ಕೆಳಕ್ಕೆ ಒಯ್ಯುತ್ತವೆ. ಅವರು ತೆಗೆದುಕೊಳ್ಳುತ್ತಿದ್ದದ್ದು ಅಂಥದ್ದೇ. ಇಬ್ಬರೂ ವೈದ್ಯರು ಮಾತಾಡಿಕೊಂಡು ಅದನ್ನು ನಿಧಾನವಾಗಿ ಇಳಿಸಿ ಬೇರೆಯದಕ್ಕೆ ಬದಲಾಯಿಸಿದರು. ಖಿನ್ನತೆಗೂ ಮಾತ್ರೆ ಶುರುವಾಯಿತು. ಮಾತ್ರೆ ಡಬ್ಬಿ ಹೆಂಡತಿಯ ಹತ್ತಿರ ಇರಬೇಕೆಂದು ತೀರ್ಮಾನವಾಯಿತು. ಮೊದಲ ವಾರ ದಿನವೂ, ಆಮೇಲೆ ದಿನ ಬಿಟ್ಟು ದಿನ ಫೋನ್ ಮಾಡುವ ಕೆಲಸ ನನ್ನದು. ‘ಇವತ್ತು ಹೇಗಿದೀರಿ?’ ಎಂದರೆ ಮೊದಮೊದಲು ‘ಹಂಗೇ’ ಅನ್ನುತ್ತಿದ್ದರು. ಆ ಒಂದು ಮಾತು ಕೇಳಲು ನಾನು ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ಉಳಿದವರನ್ನು ಕೇಳಿ ಮುಗಿಸಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನೆನಪಿಸಿಕೊಂಡರೆ ಈಗಲೂ ಬೆನ್ನು ನೋಯುತ್ತದೆ. ಚಾಪೆಯ ಮೇಲೆ ಕೂತು ಏಳುವುದು, ಅದೇ ಒಂಬತ್ತು, ಅದೇ ಗಾಜು. ಹಣೆಗೆ ಹೊಲಿಗೆ ಬಿದ್ದಿದ್ದ ಹುಡುಗಿಯನ್ನು ತಾಯಿ ಮತ್ತೆ ಕರೆತರಲೇ ಇಲ್ಲ, ಅವಳ ಹೆಸರು ಪಟ್ಟಿಯಿಂದ ತೆಗೆದೆವು. ಒಂಬತ್ತಕ್ಕೆ ಸೊನ್ನೆ ಅಲ್ಲದ ಉತ್ತರ ಹೇಳಿದವರು ಮೂವತ್ತೊಂದನೆಯವರು ಒಬ್ಬರೇ ಆಗಿರಲಿಲ್ಲ. ಪ್ರತಿ ಸಲವೂ ಅದೇ ಗಂಟೆಯಲ್ಲಿ ಡಾಕ್ಟರ ಬಾಗಿಲು ತಟ್ಟಿದೆ.

ಕೊನೆಯ ಲೆಕ್ಕದಲ್ಲಿ ಸಂಬಂಧ ಕಾಣಿಸಿತು. ಡಂಗುರ ಸಾರುವಂಥದ್ದಲ್ಲ, ಅಲ್ಲಗಳೆಯುವಂಥದ್ದೂ ಅಲ್ಲ. ಕುಗ್ಗಿರುವ ಕಡೆ ಖಿನ್ನತೆ ಹೆಚ್ಚು ಅನ್ನುವ ಹಾಗೆ ಒಂದು ವಾಲಿಕೆ. ಯಾವುದು ಮೊದಲು, ಯಾವುದರಿಂದ ಯಾವುದು ಎಂದು ಇದರಿಂದ ಹೇಳಲಾಗದು ಎಂದು ಡಾಕ್ಟರು ಎರಡೆರಡು ಕಡೆ ಬರೆದರು. ಪ್ರಶ್ನೆಗಳನ್ನು ಸ್ಕ್ಯಾನ್ ಆದ ಎಷ್ಟೋ ತಿಂಗಳ ನಂತರ ಮತ್ತೆ ಕೇಳಲಾಯಿತು, ಮೊದಲ ಸಲದ್ದು ನಂಬಲು ಯೋಗ್ಯವಾಗಿರಲಿಲ್ಲ ಎಂದೂ ಬರೆದರು. ಆ ಸಾಲನ್ನು ನಾನು ಓದಿದೆ. ಸರಿಯಾಗಿತ್ತು.

ಮೇಡಂ ಬೀಗ ಹಾಕಿಟ್ಟಿದ್ದ ನಂಬರುಗಳ ಪಟ್ಟಿ ತೆರೆದ ಮೇಲೆ ಮೂವತ್ತೊಂದನೆಯವರ ಚಿತ್ರ ಯಾವುದೆಂದು ತಿಳಿಯಿತು. ಎಡಗಡೆಯದು ಕುಗ್ಗಿತ್ತು. ಅದಕ್ಕೆ ಗೆರೆ ಎಳೆದವಳು ನಾನೇ, ಅದೂ ಎರಡು ಸಲ. ಹತ್ತು ಚಿತ್ರಗಳನ್ನು ಮತ್ತೆ ಎಳೆಯಲು ಹೇಳಿದ್ದರಲ್ಲ, ಅದರಲ್ಲಿ ಅದೂ ಇತ್ತು. ನಾಲ್ಕು ಗಂಟೆ ಅವರ ಮೆದುಳಿನ ಒಳಗೇ ಕೂತಿದ್ದೆ. ಅವರು ಬೆಳಿಗ್ಗೆ ಏಳಬಾರದು ಎಂದುಕೊಂಡು ಮಲಗುತ್ತಾರೆಂದು ಅಲ್ಲಿ ಎಲ್ಲೂ ಬರೆದಿರಲಿಲ್ಲ.

ಅವರು ಮತ್ತೆ ಬಂದದ್ದು ಮಾತ್ರೆ ಬದಲಾಗಿ ಮೂರು ತಿಂಗಳಾದ ಮೇಲೆ. ಮುಖದ ಮೇಲೆ ಸ್ವಲ್ಪ ಕಳೆ ಬಂದಿತ್ತು. ಫಿಟ್ಸ್ ಪೂರ್ತಿ ನಿಂತಿರಲಿಲ್ಲ, ಕೆಲಸವೂ ಸಿಕ್ಕಿರಲಿಲ್ಲ. ಪಕ್ಕದ ಮನೆಯವರ ಮಗನಿಗೆ ಐಟಿಐ ಪರೀಕ್ಷೆಗೆ ಮೆಷಿನ್ ಡ್ರಾಯಿಂಗ್ ಓದುವುದನ್ನು ಹೇಳಿಕೊಡುತ್ತಿದ್ದಾರೆಂದು ಹೆಂಡತಿ ಹೇಳಿದರು. ಡಾಕ್ಟರು ಅವರಿಗೆ ಅವರ ಸ್ಕ್ಯಾನ್ ತೋರಿಸಿದರು. ಅವರು ನಾನೆಳೆದ ಗೆರೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು.

‘ಕೈಯಲ್ಲಿ ಎಳೆದಿದ್ದಾ? ಎಷ್ಟು ಟಾಲರೆನ್ಸ್ ಇಟ್ಕೊಂಡಿದೀರಿ ಸಿಸ್ಟರ್? ಎಷ್ಟು ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ?’

ಎರಡು ಸಲ ಎಳೆದಾಗ ಬಂದ ವ್ಯತ್ಯಾಸ ಹೇಳಿದೆ. ಪರವಾಗಿಲ್ಲ ಎನ್ನುವ ಹಾಗೆ ತಲೆಯಾಡಿಸಿದರು.

ಆಮೇಲೆ ಚಾಪೆಯ ಮೇಲೆ ಕೂತೆವು. ಈ ಸಲ ಹೆಂಡತಿ ತಾವಾಗಿಯೇ ಗಾಜಿನ ಆಚೆ ಹೋದರು. ಎಂಟು ಪ್ರಶ್ನೆ ಮುಗಿದವು. ಒಂಬತ್ತನೆಯದನ್ನು ಪೂರ್ತಿಯಾಗಿ, ಒಂದು ಪದವನ್ನೂ ನುಂಗದೆ ಓದಿದೆ.

ಅವರು ಬೆರಳು ಮಡಿಸಿ ಎಣಿಸಿದರು. ಸೊನ್ನೆ ಅನ್ನಲಿ ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು.

‘ಎರಡು ದಿನ’ ಎಂದರು. ‘ಹದಿನಾಲ್ಕರಲ್ಲಿ ಎರಡು. ಮಿಕ್ಕಿದ ದಿನ ಇಲ್ಲ. ಆ ಎರಡು ದಿನಾನೂ ಅವಳಿಗೆ ಹೇಳಿದೀನಿ.’

‘ಇದನ್ನ ಡಾಕ್ಟರಿಗೆ ಹೇಳ್ಬೇಕಾಗುತ್ತೆ’ ಎಂದೆ.

‘ಹೇಳಿ. ಮೊದ್ಲು ಬರ್ಕೊಳ್ಳಿ’ ಎಂದು ಮುಂದಕ್ಕೆ ಬಾಗಿದರು. ನಾನು ಒಂದು ಎಂದು ಬರೆಯುವವರೆಗೂ ಅವರು ಪೆನ್ನಿನ ಮೇಲಿಂದ ಕಣ್ಣು ತೆಗೆಯಲಿಲ್ಲ.